ಗುರುವಾರದ ಸೊಳ್ಳೆ ಮರಿಗಳು

ಪರಮಶಿವಯ್ಯನವರ ಹಿತ್ತಲ ತೊಟ್ಟಿಯಲ್ಲಿ ಸಿಕ್ಕ ಸೊಳ್ಳೆ ಮರಿಗಳು ಅಲ್ಲಿ ಹುಟ್ಟಿದವಲ್ಲ ಎಂಬುದು ಚಂದ್ರಮೌಳಿಗೆ ಚೆನ್ನಾಗಿ ಗೊತ್ತಿತ್ತು. ತಂದವನು ಅವನೇ.

"ಈ ವಾರಾನೂ ಇದೆ ಸಾರ್," ಎನ್ನುತ್ತ ಸೌಟನ್ನು ಬೆಳಕಿಗೆ ಹಿಡಿದ. ನೀರಿನ ಮೇಲೆ ನಾಲ್ಕಾರು ಹುಳುಗಳು ಚಪ್ಪಟೆಯಾಗಿ ಮಲಗಿದ್ದವು. ಕೆರೆಯ ಜಾತಿ ಹಾಗೆಯೇ, ಚಾಪೆ ಹಾಸಿಕೊಂಡವರ ಹಾಗೆ ಮಲಗುತ್ತದೆ. ಚರಂಡಿಯ ಜಾತಿಯಾದರೆ ತಲೆ ಕೆಳಗೆ ಮಾಡಿ ಜೋತು ಬೀಳುತ್ತದೆ. ಮಲೇರಿಯಾ ಆಫೀಸಿನಲ್ಲಿ ಮೊದಲ ದಿನ ಹೇಳಿಕೊಡುವ ಪಾಠವೇ ಇದು.

ಪರಮಶಿವಯ್ಯ ಸೌಟನ್ನೂ ಅವನನ್ನೂ ನೋಡಿ ಹಲ್ಲು ಕಚ್ಚಿದರು. ರಿಟೈರಾದ ಪೋಸ್ಟ್ ಮಾಸ್ಟರು. ಜಯನಗರದ ಆ ಹೊಸ ಬಡಾವಣೆಯಲ್ಲಿ ಯಾರ ಹಿತ್ತಲಲ್ಲಿ ತೆಂಗಿನ ಚಿಪ್ಪು ಅಂಗಾತ ಬಿದ್ದಿದ್ದರೂ ನುಗ್ಗಿ ಮಗುಚಿ ಹಾಕಿ ಬರುವ ಮನುಷ್ಯ. ಉಟ್ಟ ಪಂಚೆಯ ಮೇಲೆ ಒಂದು ಚುಕ್ಕೆ ಕಲೆ ಕಂಡವರಿಲ್ಲ. ಅಂಥವರ ಮನೆಯಲ್ಲೇ ಗುರುವಾರ ಬಂದರೆ ಹುಳು. ದೀಪದ ಬುಡದಲ್ಲೇ ಕತ್ತಲೆ ಎಂದು ಬೀದಿಯೆಲ್ಲ ನಗುತ್ತಿತ್ತು.

ಪಾಪ, ಸೊಳ್ಳೆ ಸರ್ವೆಯ ನಿಯಮವೇ ಚಂದ್ರಮೌಳಿಯನ್ನು ಕೆಡಿಸಿದ್ದು. ಹುಳು ಇಲ್ಲದ ಮನೆಗೆ ಮೂರು ತಿಂಗಳಿಗೊಮ್ಮೆ ಹೋದರೆ ಸಾಕು. ಹುಳು ಸಿಕ್ಕ ಮನೆಗೆ ವಾರವಾರವೂ ಹೋಗಲೇಬೇಕು. ಯುಗಾದಿ ಕಳೆದ ಮೇಲೆ ಅವನು ಮೊದಲ ಸಲ ಬಂದಾಗ ಈ ತೊಟ್ಟಿಯ ನೀರು ಕನ್ನಡಿಯ ಹಾಗಿತ್ತು. ಮೂಲೆಗೆ ಟಾರ್ಚು ಹಿಡಿದು ನಿಂತವಳು ಮನೆಯ ಮಗಳು ಸೀತಾಲಕ್ಷ್ಮಿ. ಕೆರೆಯ ಜಾತಿ, ಚರಂಡಿಯ ಜಾತಿ ಎಂದು ಅವನು ವಿವರಿಸಿದಾಗ "ಸೊಳ್ಳೆಯಲ್ಲೂ ಜಾತಿ ಇದೆಯಾ? ಅವಾದ್ರೂ ನೆಮ್ಮದಿಯಾಗಿರ್ತವೆ ಅಂದ್ಕೊಂಡಿದ್ದೆ," ಎಂದು ನಕ್ಕಿದ್ದಳು. ಮೂರು ತಿಂಗಳೆಂದರೆ ನಡುವಿನ ಮದುವೆಯ ಮುಹೂರ್ತಗಳೆಲ್ಲ ಮುಗಿದುಹೋಗುತ್ತವೆ. ಅಷ್ಟರಲ್ಲಿ ಯಾರಾದರೂ ಬಂದು ತಾಳಿ ಕಟ್ಟಿಬಿಟ್ಟರೆ?

ಮುಂದಿನ ಗುರುವಾರಕ್ಕೆ ಮರುಪರೀಕ್ಷೆಯೆಂಬ ನೆಪ ಸಾಕಾಯಿತು. ಬುಧವಾರ ಅವನಿಗೆ ಬೇಗೂರು ಕೆರೆಯ ಡ್ಯೂಟಿ. ಆ ವಾರದಿಂದ ಕೆರೆಯ ಹುಳು ತುಂಬಿದ ಒಂದು ಗಾಜಿನ ನಳಿಗೆ ಅವನ ಜೇಬಿನಲ್ಲೇ ಉಳಿಯತೊಡಗಿತು. ಗುರುವಾರ ತೊಟ್ಟಿಗೆ ಸೌಟು ಇಳಿಸುವಾಗ ಅಂಗೈಯೊಳಗಿನ ನಳಿಗೆಯೂ ಇಳಿಯುತ್ತಿತ್ತು. ಬಿಟ್ಟದ್ದನ್ನೆಲ್ಲ ಹಿಡಿದು ತೆಗೆದೇ ಹೊರಡುತ್ತಿದ್ದ, ಅದೂ ನಿಜ. ಮಾವನಾಗಬೇಕಾದವರಿಗೆ ಮಲೇರಿಯಾ ತರಿಸುವಷ್ಟು ಕಟುಕನಲ್ಲ.

ಪರಮಶಿವಯ್ಯ ಕನ್ನಡಕ ಏರಿಸಿಕೊಂಡರು.

"ಹೆಸರು ಚಂದ್ರಮೌಳಿ ಅಂದ್ರಿ. ತಂದೆ ಹೆಸರು?"

"ಸದಾಶಿವಯ್ಯ, ಸಾರ್. ಗುಬ್ಬಿ ಹತ್ರ ನಮ್ಮೂರು."

"ಕೆಲಸ ಖಾಯಮ್ಮೋ, ಟೆಂಪರರಿಯೋ?"

"ಹೋದ ವರ್ಷ ಖಾಯಂ ಆಯ್ತು."

"ಹುಟ್ಟಿದ್ದು ಯಾವಾಗ?"

ಚಂದ್ರಮೌಳಿ ಸೌಟನ್ನು ಕೆಳಗಿಟ್ಟ. ತನ್ನ ಮೇಲೆ ಬರೆಯುವ ಕಂಪ್ಲೇಂಟಿಗೆ ಹುಟ್ಟಿದ ದಿನವೂ ಬೇಕೇ? ಆದರೆ ಪೋಸ್ಟ್ ಮಾಸ್ಟರು, ವಿಳಾಸ ಪೂರ್ತಿ ಇಲ್ಲದೆ ಏನನ್ನೂ ಮುಂದಕ್ಕೆ ಕಳಿಸುವವರಲ್ಲ. ಹೇಳಿಬಿಟ್ಟ.

ಕಾಫಿ ತಂದ ಸೀತಾಲಕ್ಷ್ಮಿ ಸೌಟಿನೊಳಗೆ ಬಗ್ಗಿ ನೋಡಿದಳು. "ಈ ಸಲ ಸ್ವಲ್ಪ ಸೊರಗಿದಾವೆ. ದೂರದಿಂದ ಬಂದ ಹಾಗಿದೆ, ಅಲ್ವಾ?"

ಚಂದ್ರಮೌಳಿಗೆ ಕಾಫಿ ನೆತ್ತಿಗೇರಿತು.

ಮುಂದಿನ ಗುರುವಾರ ಬಂದಾಗ ತೊಟ್ಟಿಯ ಮೇಲೆ ಹಲಗೆಯ ಮುಚ್ಚಳ ಕೂತಿತ್ತು. ಅದಕ್ಕೊಂದು ಬೀಗ. ಬೀಗದ ಕೈ ಪರಮಶಿವಯ್ಯನವರ ಸೊಂಟದ ಉಡಿದಾರದಲ್ಲಿ. "ಇನ್ನು ಅದು ಹೇಗೆ ಬರ್ತದೋ ನೋಡೇಬಿಡೋಣ," ಎಂದು ತಾವೇ ಬೀಗ ತೆಗೆದು ಪಕ್ಕದಲ್ಲೇ ನಿಂತರು.

ಸೌಟು ಇಳಿಯಿತು, ಎದ್ದಿತು. ಹುಳು ಇತ್ತು.

ಪರಮಶಿವಯ್ಯ ಈ ಸಲ ಸೌಟಿನ ಕಡೆ ನೋಡಲೇ ಇಲ್ಲ. ಅವನ ಮುಖವನ್ನೇ ನೋಡುತ್ತ ಹೇಳಿದರು, "ನಿಮ್ಮ ಆಫೀಸಿಗೆ ಹೋಗಿ ವಿಚಾರಿಸ್ದೆ. ನಿಮ್ಮೂರಿಗೂ ಹೋಗಿ ಬಂದೆ. ಮುಂದಿನ ಗುರುವಾರ ಇದಕ್ಕೊಂದು ತೀರ್ಮಾನ ಆಗ್ಲಿ."

ಆ ವಾರವೆಲ್ಲ ಚಂದ್ರಮೌಳಿಗೆ ಅನ್ನ ಸೇರಲಿಲ್ಲ. ಒಂದು ಹುಳುವಿಗಾಗಿ ಗುಬ್ಬಿಯವರೆಗೆ ಹೋಗಿ ಬಂದ ಮನುಷ್ಯ ಸುಮ್ಮನೆ ಬಿಡುತ್ತಾನೆಯೇ? ಹುಳು ಬಿಟ್ಟರೆ ನಳಿಗೆಯ ಸಮೇತ ಸಿಕ್ಕಿಬಿದ್ದು ಕೆಲಸ ಹೋಗುತ್ತದೆ. ಬಿಡದಿದ್ದರೆ ಮೂರು ತಿಂಗಳು ಈ ಕಡೆ ಬರುವಂತಿಲ್ಲ, ಸೀತಾಲಕ್ಷ್ಮಿ ಹೋಗುತ್ತಾಳೆ. ಬುಧವಾರ ಕೆರೆಯ ದಂಡೆಯಲ್ಲಿ ನಳಿಗೆ ತುಂಬಿಕೊಂಡ. ಬಹಳ ಹೊತ್ತು ಅದನ್ನೇ ನೋಡಿದ. ಕಳ್ಳನೆಂದು ಅವಳೆದುರು ತಲೆ ತಗ್ಗಿಸುವುದಕ್ಕಿಂತ ಒಳ್ಳೆಯವನೆನ್ನಿಸಿಕೊಂಡು ಅವಳಿಗೆ ಮರೆತುಹೋಗುವುದೇ ಮೇಲು ಎನ್ನಿಸಿತು. ನಳಿಗೆಯನ್ನು ಕೆರೆಗೇ ಬಗ್ಗಿಸಿದ.

ಗುರುವಾರ ಬರಿಯ ಜೇಬಿನಲ್ಲಿ ಬಂದು ಸೈಕಲ್ ನಿಲ್ಲಿಸಿದಾಗ ಪರಮಶಿವಯ್ಯ ಗೇಟಿನಲ್ಲೇ ಕಾಯುತ್ತಿದ್ದರು. ಯಾಕೋ ಅವರ ಪಂಚೆಯ ಅಂಚಿಗೆ ಕಪ್ಪು ಕೆಸರು ಮೆತ್ತಿತ್ತು. ಸೀತಾಲಕ್ಷ್ಮಿ ಕಾಫಿ ತರಲಿಲ್ಲ. ಹಿತ್ತಲ ಬಾಗಿಲಿಗೆ ಒರಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಪರಮಶಿವಯ್ಯ ಬೀಗ ಎಳೆದು ತೋರಿಸಿದರು, ಭದ್ರವಾಗಿತ್ತು. ಆಮೇಲೆ ತೆಗೆದರು.

ಚಂದ್ರಮೌಳಿ ಸೌಟು ಮುಳುಗಿಸಿ ಎತ್ತಿದ. ನೋಡಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ.

ಹುಳು ಇತ್ತು. ಒಂದಲ್ಲ, ಒಂದು ಹಿಂಡು. ಎಲ್ಲವೂ ತಲೆ ಕೆಳಗೆ ಮಾಡಿ ಜೋತು ಬಿದ್ದಿದ್ದವು.

"ಇ... ಇದೆ ಸಾರ್," ಎಂದ. ಅವನ ಕಣ್ಣು ಬೀಗದಿಂದ ಉಡಿದಾರಕ್ಕೆ, ಉಡಿದಾರದಿಂದ ಪಂಚೆಯ ಅಂಚಿಗೆ ಇಳಿಯಿತು.

"ಹೆದರ್ಕೊಂಡು ಇವತ್ತು ಬರೀ ಕೈಲಿ ಬರ್ತೀರಿ ಅನ್ನಿಸ್ತು," ಎಂದರು ಪರಮಶಿವಯ್ಯ, ಅಂಚಿನ ಚರಂಡಿ ಕೆಸರು ಕೊಡವಿಕೊಳ್ಳುತ್ತ. "ಹುಳು ಸಿಕ್ಕಿದೆಯಲ್ಲ, ಮುಂದಿನ ಗುರುವಾರ ಬರಲೇಬೇಕು. ಬರೋವಾಗ ನಿಮ್ಮ ತಂದೆ ತಾಯೀನೂ ಕರ್ಕೊಂಡು ಬನ್ನಿ, ಜಾತಕ ಕೂಡಿದೆ."