ಚೆಂಡಿನ ನಾಣ್ಯ

ಮೂರನೆಯ ಸಲ ಎಣಿಸಿದಾಗಲೂ ಅಷ್ಟೇ ಬಂತು. ಯಮನವ್ವನ ಕಪ್ಪು-ಬಶಿ ಗುರುತಿಗೆ ನೂರಾ ಎಂಬತ್ತೇಳು ಮತ, ಬಷೀರನಬಿಯ ಛತ್ರಿಗೆ ನೂರಾ ಎಂಬತ್ತೇಳು. ಜತ್ತದ ತಹಶೀಲ ಕಚೇರಿಗೆ ಬಂದಿದ್ದ ಕುಣಿಕೋಣೂರಿನ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ರಾಮ ಪಂಚಾಯತಿಯ ಆ ಸ್ಥಾನ ಹೆಂಗಸರಿಗೆ ಮೀಸಲು. ಯಮನವ್ವನ ಗಂಡ ಭರಮಣ್ಣ ಅದಕ್ಕಾಗಿ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಇಸ್ತ್ರಿ ಅಂಗಿ ತೊಟ್ಟು, ಇಪ್ಪತ್ತು ದಿನ ಓಣಿ ಓಣಿ ತಿರುಗಿದ್ದ.

“ಇನ್ನ ಚೀಟಿ ಎತ್ತೂದ ಒಂದ ಹಾದಿ,” ಎಂದರು ಚುನಾವಣೆ ಅಧಿಕಾರಿ ವಿಠೋಬ ಸಾಹೇಬರು.

“ಚೀಟಿ ಬ್ಯಾಡ್ರಿ ಸಾಹೇಬ್ರ. ಹೆಂಗ ಮಡಚತಾರೋ ಯಾರಿಗಿ ಗೊತ್ತು,” ಎಂದ ಭರಮಣ್ಣ. ಈ ಒಂದು ಮಾತಿಗೆ ಬಷೀರನಬಿಯ ಗಂಡ, ಬಳೆ ವ್ಯಾಪಾರದ ಯಾಕೂಬನೂ ತಲೆಯಾಡಿಸಿದ. ನಾಣ್ಯ ಹಾರಿಸುವುದೆಂದು ತೀರ್ಮಾನವಾಯಿತು. ಭರಮಣ್ಣ ಕಿಸೆಯಿಂದ ಒಂದು ರೂಪಾಯಿ ತೆಗೆದ. ಅದರ ಎರಡೂ ಬದಿಗೆ ಸಿಂಹ ಇರಬಹುದೆಂದು ಯಾಕೂಬನಿಗೆ ಅನುಮಾನ. ಯಾಕೂಬ ತೆಗೆದ ರೂಪಾಯಿಯ ಮೇಲೆ ಭರಮಣ್ಣನಿಗೂ ಅದೇ ಅನುಮಾನ. ಕಚೇರಿಯ ಸಿಪಾಯಿ ಐದು ರೂಪಾಯಿಯ ನಾಣ್ಯ ಮುಂದೆ ಹಿಡಿದ. ಅವನು ಬೆಳಿಗ್ಗೆ ಯಾಕೂಬನ ಜೊತೆ ಚಹಾ ಕುಡಿದದ್ದನ್ನು ಭರಮಣ್ಣ ಕಣ್ಣಾರೆ ಕಂಡಿದ್ದ. ಆ ನಾಣ್ಯವೂ ಬೇಡವಾಯಿತು.

ಆಗ ಸಾಹೇಬರು ತಮ್ಮ ಚೀಲದಿಂದ ಒಂದು ಮಖಮಲ್ಲಿನ ಡಬ್ಬಿ ತೆಗೆದರು. ಒಳಗೆ ಅಂಗೈ ಅರ್ಧ ತುಂಬುವಂಥ ಬೆಳ್ಳಿ ನಾಣ್ಯ. “ನನ್ನ ಹೇಣ್ತಿ ತಮ್ಮ ಜಹಾಜಿನ ಮ್ಯಾಲ ನೌಕರಿಗಿ ಅದಾನ. ಹ್ವಾದ ವರ್ಷ ಕೊರಿಯಾದಾಗ ಫುಟ್‌ಬಾಲ್ ವರ್ಲ್ಡ್ ಕಪ್ ಆತಲ್ಲ, ಅದರ ನೆನಪಿಗಿ ಮಾಡಿದ್ದು, ಅಂವ ತಂದು ಕೊಟ್ಟಾನ. ಇದು ಯಾವ ಪಾರ್ಟಿಗೂ ಸೇರಿಲ್ಲ.” ಕಚೇರಿಯವರಿಗೆಲ್ಲ ಅದನ್ನು ತೋರಿಸಿ ಮುಗಿದಿತ್ತು. ಹೊಸಬರು ಸಿಕ್ಕರೆ ಇರಲೆಂದು ಚೀಲದಲ್ಲೇ ಇಟ್ಟುಕೊಂಡಿದ್ದರು.

ನಾಣ್ಯ ಕೈಯಿಂದ ಕೈಗೆ ಹೋಯಿತು. ಒಂದು ಬದಿಗೆ ಕಾಲೆತ್ತಿ ಚೆಂಡು ಒದೆಯುವ ಆಟಗಾರ. ಇನ್ನೊಂದು ಬದಿಗೆ ದುಂಡನೆಯ ಮೈದಾನ, ಸುತ್ತ ಯಾರಿಗೂ ಓದಲು ಬಾರದ ಅಕ್ಷರ.

“ಇದರಾಗ ಛಾಪಾ ಯಾವುದ್ರಿ, ಕಾಟಾ ಯಾವುದು?” ಎಂದು ಭರಮಣ್ಣ ಕೇಳಿದ.

ನಾಣ್ಯದ ತಲೆ ಯಾವುದು, ಬಾಲ ಯಾವುದು ಎಂದು ಸಾಹೇಬರು ಯೋಚಿಸಿರಲಿಲ್ಲ. ಮನುಷ್ಯನಿದ್ದ ಬದಿಯೇ ಛಾಪಾ ಎಂದ ಯಾಕೂಬ. ಆಟಗಾರನೇನು ರಾಜನೇ, ಛಾಪಾ ಆಗಲಿಕ್ಕೆ ಎಂದ ಭರಮಣ್ಣ. ಮೂರು ಸಲ ಮತ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹಿಡಿಯಿತು. ಹಿಂದಿನ ಬಾಕಿನ ಮೇಲೆ ಯಮನವ್ವ, ಬಷೀರನಬಿ ಒಂದೇ ಎಲೆಯನ್ನು ಹರಿದು ಹಂಚಿಕೊಂಡು ಅಡಿಕೆ ಜಗಿಯುತ್ತ ಕೂತಿದ್ದರು. “ಲಗೂನ ಮುಗಸ್ರೆಪ್ಪಾ, ಹಿಟ್ಟ ಬೀಸಾಕ ಹೋಗಬೇಕು,” ಎಂದಳು ಬಷೀರನಬಿ. ಯಾರೂ ತಿರುಗಿ ನೋಡಲಿಲ್ಲ.

ಕಡೆಗೆ ಛಾಪಾ-ಕಾಟಾ ಬಿಟ್ಟು, ಒದೆಯುವವನು ಒಬ್ಬರಿಗೆ, ಮೈದಾನ ಒಬ್ಬರಿಗೆ ಎಂದಾಯಿತು. ಭರಮಣ್ಣ ಮೈದಾನ ಹಿಡಿದ. ಕುರಿಯವನಿಗೆ ಹುಲ್ಲಿದ್ದ ಕಡೆಯೇ ಚಲೋ ಎಂಬುದು ಅವನ ವಿಚಾರ.

ಸಾಹೇಬರು ಹೆಬ್ಬೆರಳಿನಿಂದ ಚಿಮ್ಮಿಸಿದರು. ಭಾರದ ನಾಣ್ಯ, ಗೇಣೆತ್ತರಕ್ಕೆ ಹಾರಿ ಮೇಜಿಗೆ ಬಡಿದು, ನೆಲಕ್ಕೆ ಬಿದ್ದು, ಉರುಳುತ್ತ ಹೋಗಿ ಕಬ್ಬಿಣದ ಕಪಾಟಿನ ಅಡಿ ಸೇರಿತು.

“ಯಾರೂ ಮುಟ್ಟಬ್ಯಾಡ್ರಿ! ಬಿದ್ದಂಗ ಇರಲಿ!” ಎಂದು ಇಬ್ಬರೂ ಗಂಡಂದಿರು ಒಟ್ಟಿಗೇ ಕೂಗಿದರು. ಸಿಪಾಯಿ ಬ್ಯಾಟರಿ ತಂದ. ಭರಮಣ್ಣ, ಯಾಕೂಬ ಅಕ್ಕಪಕ್ಕ ಹೊಟ್ಟೆಯ ಮೇಲೆ ಮಲಗಿ, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. ಮೊದಲು ಬರೀ ದೂಳು ಕಂಡಿತು. ಬೆಳಕು ಸರಿಯುತ್ತಲೇ ಭರಮಣ್ಣನಿಗೆ ಎತ್ತಿದ ಕಾಲು ಕಂಡಿತು. ಇನ್ನೂ ಸ್ವಲ್ಪ ನೋಡಿದ. ಕಾಲೇ.

ಬಷೀರನಬಿ ಆರಿಸಿ ಬಂದಳು. ಸಾಹೇಬರು ನಾಣ್ಯವನ್ನು ಕರವಸ್ತ್ರದಿಂದ ಒರೆಸಿ, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಭರಮಣ್ಣ ಅಂಗಿಯ ದೂಳು ಕೂಡ ಝಾಡಿಸಿಕೊಳ್ಳದೆ ಹೊರಗೆ ಬಂದ. ಯಮನವ್ವ ಮಾತ್ರ ಬಷೀರನಬಿಯ ಕೈ ಹಿಡಿದು ನಗುತ್ತ ಏನೋ ಹೇಳಿ ಬಂದಳು. ಅದು ಅವನನ್ನು ಇನ್ನಷ್ಟು ಉರಿಸಿತು.

ಊರಿಗೆ ಹೋಗುವ ಟಮಟಮ ಆಟೋದಲ್ಲಿ ಗಂಡ ಹೆಂಡತಿ ಇಬ್ಬರೇ ಹಿಂದೆ ಕೂತಿದ್ದರು. ಜತ್ತದ ಮನೆಗಳು ಮುಗಿದು ಬಯಲು ಶುರುವಾಗುತ್ತಲೇ ಭರಮಣ್ಣ ಬಾಯಿ ಬಿಟ್ಟ. ಬಿಟ್ಟವನು ನಿಲ್ಲಿಸಲಿಲ್ಲ.

“ಒಂದ ಒಂದು ಓಟು! ಉಂಡ ಮನಿಗಿ ಎರಡು ಬಗದಾಂವ ಯಾಂವ ಅಂತ ನನಗ ಗೊತ್ತೈತಿ. ನಮ್ಮ ಓಣಿ ಗೊಲ್ಲಾಳಪ್ಪನ ಅಂವ. ಓಟು ಹಾಕಿ ಹೊರಗ ಬಂದಾಗ ನನ್ನ ಮುಖಾ ನೋಡಲಿಲ್ಲ ಅಂವ. ನಾಳೆ ಮುಂಜಾನೆ ಅವನ ಬಾಗಿಲಕ್ಕ ಹೋಗಿ ಕೇಳತೀನಿ.”

“ಗೊಲ್ಲಾಳಪ್ಪಗ ಏನೂ ಅನಬ್ಯಾಡ್ರಿ,” ಎಂದಳು ಯಮನವ್ವ. “ಛತ್ರಿಗಿ ಒತ್ತಿದಾಕಿ ನಾನು.”

ಗಾಡಿಯ ಸದ್ದಿನಲ್ಲಿ ತಪ್ಪು ಕೇಳಿಸಿತೇನೋ ಎಂದುಕೊಂಡು ಭರಮಣ್ಣ ಅವಳ ಕಡೆ ಬಾಗಿದ. “ಏನಂದಿ?”

“ಬಷೀರನಬಿ ಮನಿಗಿ ಬಂದಿದ್ಲು. ಯಕ್ಕಾ, ನನಗೊಂದು ಓಟು ಕೊಡು ಅಂದ್ಲು. ಹೂಂ ಅಂದ್ನಿ.”

“ಎಲೆಕ್ಷನಿಗಿ ನಿಂತಾಕಿ ನೀನ ಅಲ್ಲೇನ!”

“ನಿಲ್ಲು ಅಂದ್ರಿ, ನಿಂತ್ನಿ.” ಯಮನವ್ವ ಗಾಳಿಗೆ ಹಾರುತ್ತಿದ್ದ ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡು ಹೇಳಿದಳು. “ಓಟು ನೀವು ಊರ ಮಂದಿಗೆಲ್ಲಾ ಕೇಳಿದ್ರಿ. ನನಗ ಕೇಳಲಿಲ್ಲ.”