ಹದಿನಾಲ್ಕು ಕುರ್ಚಿ

ಸಮಿತಿಯ ಕೋಣೆಯಿಂದ ಹೊರಬಂದ ರೆವರೆಂಡ್ ಲೆಮ್ಯುಯಲ್ ಗೇಡನ್, ಒಜೆಲ್ಲಾ ಬ್ರೇಸಿಯ ಮುಖ ನೋಡಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಮೂವತ್ತು ವರ್ಷ ಚರ್ಚಿನ ಮುಂದಿನ ಬೆಂಚಿನಲ್ಲೇ ಕೂತು ಅವನ ಉಪದೇಶ ಕೇಳಿದವಳು. ಏನನ್ನಾದರೂ ಮುಚ್ಚಿಡಬೇಕಾದಾಗ ಅವನು ತನ್ನ ಬೂಟು ನೋಡಿಕೊಳ್ಳುತ್ತಾನೆ. ಈಗ ಬೂಟನ್ನೇ ನೋಡುತ್ತಿದ್ದ.

“ಏನಾಯ್ತು, ರೆವರೆಂಡ್?”

“ಮನೆಗೆ ಹೋಗೋಣ, ತಂಗಿ. ಎಲ್ಲರನ್ನೂ ಕರ್ಕೊಂಡು ಈಗ್ಲೇ ಹೊರಟುಬಿಡೋಣ.”

ಮನೆಗಂತೆ! ಆಗಸ್ಟಿನ ಸೆಕೆಯಲ್ಲಿ ಹಳೇ ಬಸ್ಸಿನಲ್ಲಿ ಇನ್ನೂರು ಮೈಲಿ ಬಂದದ್ದು ಹಾಗೇ ತಿರುಗಿ ಹೋಗುವುದಕ್ಕಲ್ಲ. ಮೇ ತಿಂಗಳಲ್ಲಿ ಇವರು ತಮ್ಮ ಜಿಲ್ಲೆಯಾದ ಹ್ಯಾಟನ್ ಕೌಂಟಿಯ ಪಕ್ಷದ ಸಭೆಗೆ ಹೋದಾಗ ಬಿಳಿಯರು ಕಚೇರಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ತಮ್ಮವರನ್ನೇ ಹದಿನಾಲ್ಕು ಮಂದಿ ಪ್ರತಿನಿಧಿಗಳನ್ನಾಗಿ ಆರಿಸಿಕೊಂಡಿದ್ದರು. ಕಪ್ಪು ಜನ ಅದೇ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಸಭೆ ನಡೆಸಿ ತಮ್ಮ ಹದಿನಾಲ್ಕು ಮಂದಿಯನ್ನು ಆರಿಸಿದರು. ನಡಾವಳಿ ಬರೆದವಳು ಕಾರ್ಯದರ್ಶಿ ಒಜೆಲ್ಲಾ. ಆ ಹದಿನಾಲ್ಕು ಕುರ್ಚಿ ಯಾರವು ಎಂಬುದು ಇಂದು, ಸಮಿತಿ ತಕರಾರು ಕೇಳಿದ ಮೇಲೆ, ಪಕ್ಷದ ರಾಜ್ಯ ಮಹಾಸಭೆಯಲ್ಲಿ ತೀರ್ಮಾನವಾಗಬೇಕು.

ಎಲ್ಲರೂ ಬೈಬಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು: ಹದಿನಾಲ್ಕು ಕುರ್ಚಿ, ಇಲ್ಲವೇ ಒಂದೂ ಬೇಡ. ಬಿಳಿಯರು ಕೊನೆಗೆ ಏನು ಮುಂದಿಡುತ್ತಾರೆಂದು ಅವರಿಗೆ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಎರಡು ಅತಿಥಿ ಕುರ್ಚಿ, ಮತ ಇಲ್ಲ, ಪತ್ರಿಕೆಗೊಂದು ಫೋಟೊ.

“ಎರಡು ಕುರ್ಚಿಗೆ ಒಪ್ಪಿಬಿಟ್ರಾ?” ಒಜೆಲ್ಲಾಳ ದನಿ ಏರಿತು.

“ಒಪ್ಪಿಗೆ ಪತ್ರ ಅವರ ಕೈಲಿದೆ. ಸಹಿನೂ ಇದೆ. ಮೋಸದಿಂದ ಹಾಕ್ಸಿದ್ದು ಅಂತ ಜಗಳ ಆಡ್ದೆ. ನಕ್ಕುಬಿಟ್ರು.”

“ಯಾರ ಸಹಿ?”

ರೆವರೆಂಡ್ ಮತ್ತೆ ಬೂಟು ನೋಡಿದ. “ಯಾರದ್ದಾದ್ರೇನು? ಪಾಪ, ಹಾಕಿದೋರಿಗೆ ಅದೇನು ಅಂತ ಗೊತ್ತಿರ್ಲಿಲ್ಲ.”

“ಓದೋಕೆ ಬರೋರಿಗೆ ಗೊತ್ತಿರಲ್ವಾ?”

ಆ ಮಾತು ಹೇಳುವ ಹಕ್ಕು ಅವಳಿಗಿತ್ತು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ಗುಮಾಸ್ತ ಸಂವಿಧಾನದ ಪುಟ ಓದಿಸಿ, ಅರ್ಥ ಕೇಳಿ, ನಾಲ್ಕು ಸಲ ಫೇಲು ಮಾಡಿ ಕಳಿಸಿದ್ದ. ಐದನೇ ಸಲ ಅವಳು ಪುಟ ನೋಡದೆಯೇ ಒಪ್ಪಿಸಿದಳು. ಅಂದಿನಿಂದ ಅಂಗಡಿ ಚೀಟಿಯನ್ನೂ ಎರಡು ಸಲ ಓದದೆ ಮಡಚಿದವಳಲ್ಲ.

ಎಂಥ ಒಳ್ಳೆಯ ಬೆಳಗನ್ನು ಈ ಮುದುಕ ಹಾಳು ಮಾಡಿದ! ಸಭಾಂಗಣದ ಗ್ಯಾಲರಿಗೆ ಪಾಸು ತರಲು ಹೋದವಳಿಗೆ ಸಮಿತಿಯ ವಕೀಲ, ನರೆತ ಕೂದಲಿನ ಬಿಳಿಯ, ಎದ್ದು ನಿಂತು ಕುರ್ಚಿ ಎಳೆದುಕೊಟ್ಟಿದ್ದ. “ಕೂತ್ಕೊಳ್ಳಿ, ಮಿಸೆಸ್ ಬ್ರೇಸಿ. ಕಾಫಿಗೆ ಹಾಲು ಹಾಕ್ಲಾ, ಮಿಸೆಸ್ ಬ್ರೇಸಿ?” ಹದಿನಾಲ್ಕು ಪಾಸು ಎಣಿಸಿ ಕೊಟ್ಟು, ಮುಟ್ಟಿದ್ದಕ್ಕೆ ಎರಡು ಕಡೆ ಸಹಿ ಮಾಡಿಸಿಕೊಂಡು, ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಅವಳಿಗೆ ಅರವತ್ತೊಂದು ವರ್ಷ. ಅವಳ ಊರಿನಲ್ಲಿ ‘ಮಿಸೆಸ್’ ಎಂಬುದು ಬಿಳಿ ಹೆಂಗಸರ ಸೊತ್ತು. ಅವಳು ಬಟ್ಟೆ ಹೊಲಿದುಕೊಟ್ಟ ಮನೆಗಳಲ್ಲಿ ಮೊನ್ನೆ ಹುಟ್ಟಿದ ಮಕ್ಕಳೂ ಅವಳನ್ನು ಬರೀ ಒಜೆಲ್ಲಾ ಅನ್ನುತ್ತಿದ್ದರು. ಕಣ್ಣು ತುಂಬಿ ಬಂದು ಅವಳಿಗೆ ಎದುರಿಗಿದ್ದ ಕಾಫಿಯೂ ಸರಿಯಾಗಿ ಕಂಡಿರಲಿಲ್ಲ.

ಅಪರಿಚಿತ ಬಿಳಿಯನೊಬ್ಬ ಅಷ್ಟು ಮರ್ಯಾದೆ ಕೊಟ್ಟ. ತನ್ನವನೇ ಬೆನ್ನಿಗೆ ಚೂರಿ ಹಾಕಿದ.

“ಲೂವೀನಿಯಾ!” ಅವಳು ಪಡಸಾಲೆಯಲ್ಲಿದ್ದವರನ್ನು ಕೂಗಿದಳು. “ಎಲ್ಲರೂ ಬನ್ನಿ ಇಲ್ಲಿ. ನಮ್ಮ ರೆವರೆಂಡ್ ನಮ್ಮನ್ನ ಎರಡು ಕುರ್ಚಿಗೆ ಮಾರಿಬಿಟ್ರು.”

ಲೂವೀನಿಯಾಳ ಗಂಡನನ್ನು ಈ ಪ್ರಯಾಣದ ಸುದ್ದಿ ಕೇಳಿಯೇ ಗರಗಸದ ಕಾರ್ಖಾನೆಯವರು ಕೆಲಸದಿಂದ ಕಿತ್ತುಹಾಕಿದ್ದರು. ಅವಳು ರೆವರೆಂಡನ ಎದುರಿಗೆ ಬಂದು ನಿಂತಳು.

“ನೀವಾ? ನಿಮ್ಮ ಬಾಯಲ್ಲೇ ಹೇಳಿ.”

ಅವನು ಒಜೆಲ್ಲಾಳತ್ತ ನೋಡಿದ. ಬಹಳ ಹೊತ್ತು ನೋಡಿದ.

“ಹೂಂ,” ಅಂದ. “ನಾನೇ ಅಂದ್ಕೊಳ್ಳಿ.”

“ಅಂದ್ಕೊಳ್ಳೋದೇನು ಬಂತು?” ಒಜೆಲ್ಲಾ ಕೈಚಾಚಿದಳು. “ಆ ರಿಬ್ಬನ್ ಕೊಡಿ. ನಾನು ಹೊಲಿದಿದ್ದು. ಮಾನವಂತರಿಗೆ ಅಂತ ಹೊಲಿದಿದ್ದು.”

ಕೋಟಿನ ಮೇಲಿದ್ದ, ಪ್ರತಿನಿಧಿಯ ಗುರುತಿನ ನೀಲಿ ರಿಬ್ಬನ್ನನ್ನು ರೆವರೆಂಡ್ ನಿಧಾನವಾಗಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಎಲ್ಲರೂ ಅವನಿಗೆ ಬೆನ್ನು ತಿರುಗಿಸಿ ಮೇಲಿನ ಗ್ಯಾಲರಿಗೆ ಹತ್ತಿದರು. ಅವನು ಹಿಂದೆಯೇ ಬಂದು ಕೊನೆಯ ಸಾಲಿನಲ್ಲಿ ಒಬ್ಬನೇ ಕೂತ. ಪಕ್ಕದ ಕುರ್ಚಿಗಳೆಲ್ಲ ಖಾಲಿ.

ಕೆಳಗೆ ಹ್ಯಾಟನ್ ಕೌಂಟಿಯ ಫಲಕದಡಿಯಲ್ಲಿ ಬಿಳಿಯರು ಆಗಲೇ ಕಾಲು ಚಾಚಿ ಕೂತಿದ್ದರು. ಅಧ್ಯಕ್ಷರು ಸುತ್ತಿಗೆ ಬಡಿದರು.

“ಹ್ಯಾಟನ್ ಕೌಂಟಿಯ ತಕರಾರು ರಾಜಿಯಲ್ಲಿ ಮುಗಿದಿದೆ. ದೂರು ತಂದವರು ಎರಡು ಅತಿಥಿ ಕುರ್ಚಿಗಳಿಗೆ ಒಪ್ಪಿ ಬರೆದುಕೊಟ್ಟಿದ್ದಾರೆ.”

“ಇಲ್ಲ, ಇಲ್ಲ!” ಗ್ಯಾಲರಿ ಎದ್ದು ನಿಂತಿತು. “ಹೆಸರು ಹೇಳಿ!” ಎಲ್ಲರಿಗಿಂತ ಜೋರಾಗಿ ಕೂಗಿದವಳು ಒಜೆಲ್ಲಾ. “ಸಹಿ ಮಾಡಿದೋರ ಹೆಸರು ಓದಿ! ಊರಿಗೆಲ್ಲ ಗೊತ್ತಾಗ್ಲಿ!”

“ನಾನು!” ಹಿಂದಿನ ಸಾಲಿನಿಂದ ರೆವರೆಂಡ್ ಅರಚಿದ. “ನಂದೇ ಸಹಿ! ಓದೋದೇನೂ ಬೇಡ! ಮುಂದಕ್ಕೆ ಹೋಗಿ!”

ಕೊನೆಗೂ ಒಪ್ಪಿಕೊಂಡ ಎಂದುಕೊಂಡಳು ಒಜೆಲ್ಲಾ. ರಿಬ್ಬನ್ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಅಧ್ಯಕ್ಷರು ಸದ್ದಡಗುವವರೆಗೂ ಸುತ್ತಿಗೆ ಬಡಿದು, ಕನ್ನಡಕ ಸರಿಮಾಡಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದರು. ಮೊದಲ ಪದಕ್ಕೇ ನಾಲಿಗೆ ಹೊರಳದವರಂತೆ ಒಂದು ಕ್ಷಣ ತಡವರಿಸಿದರು. ಆಮೇಲೆ ಮೈಕಿನಲ್ಲಿ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ, ಬರೆದದ್ದನ್ನು ಬರೆದಂತೆಯೇ ಓದಿದರು:

“ಮಿಸೆಸ್ ಒಜೆಲ್ಲಾ ಬ್ರೇಸಿ.”