ತೋಡಿದವರ ಬಾವಿ

ಊರೂರಿನ ಕೆರೆ, ಬಾವಿ, ಗುಡ್ಡಗಳ ಹೆಸರನ್ನು ಸರ್ಕಾರ ಬರೆಸುತ್ತಿದ್ದ ಕಾಲ ಅದು. ಬಾವಿಗೆ ತೋಡಿದವರ ಹೆಸರು. ಯಾರ ಹೆಸರು ಪುಸ್ತಕಕ್ಕೆ ಬೀಳುತ್ತದೋ ಬಾವಿ ಅವರ ಮನೆಯದು. ಒಂದೂರಿನ ವಿಧವೆಯೊಬ್ಬಳಿಗೆ ಇದ್ದದ್ದು ಒಂದೇ ಒಂದು ಬಾವಿ, ಅದರ ನೀರು ಕುಡಿಯುವ ಅಂಗೈಯಗಲದ ಹೊಲ.

"ಈ ಬಾವಿಗೆ ಏನಂತಾರಮ್ಮ?" ಅಳತೆಯ ಗುಮಾಸ್ತ ಕುದುರೆಯಿಂದ ಇಳಿಯದೆಯೇ ಕೇಳಿದ.

ಊರಿಗೆ ಊರೇ ಅದನ್ನು ಅವಳ ಗಂಡನ ಹೆಸರಿನಿಂದ ಕರೆಯುತ್ತಿತ್ತು. ಆದರೆ ಗಂಡನ ಹೆಸರನ್ನು ಹೆಂಗಸು ನಾಲಿಗೆಯ ಮೇಲೆ ತರುವುದುಂಟೇ? ಅವಳು ಸೆರಗು ಕಚ್ಚಿ ನಿಂತಳು.

"ಅದು ನಮ್ಮಪ್ಪ ತೋಡಿಸಿದ್ದು ಬುದ್ಧಿ. ಪಟೇಲರ ಬಾವಿ ಅಂತ ಬರ್ಕಳಿ," ಎಂದ ಪಟೇಲ.

ಅವಳು ಸುತ್ತ ನೋಡಿದಳು. ನಿತ್ಯ ಅವಳ ಗಂಡನ ಹೆಸರು ಹೇಳಿಕೊಂಡೇ ನೀರು ಸೇದುತ್ತಿದ್ದ ಗಂಡಸರೆಲ್ಲ ಪಟೇಲನ ಮುಖ ಕಂಡು ಮೂಗಬಸವರಾಗಿದ್ದರು. ಥೂ, ಇವರ ಮೀಸೆಗೆ ಬೆಂಕಿ ಹಾಕ, ಎಂದುಕೊಂಡಳು.

"ನಿನ್ನದಾದ್ರೆ ತೋಡಿದವರ ಹೆಸರು ಹೇಳಮ್ಮ. ಇಲ್ಲದಿದ್ರೆ ಪಟೇಲರು ಹೇಳಿದ್ದೇ ಬರೀತೀನಿ," ಗುಮಾಸ್ತ ಗದರಿದ.

ಪಟೇಲ ಅವಳತ್ತ ಬಗ್ಗಿ ಮೆಲ್ಲಗೆ ನಕ್ಕ. "ಹೇಳು ನೋಡಾಣ, ಗಂಡನ ಹೆಸರ!"

ಅವಳು ಬಾಯಿಂದ ಸೆರಗು ತೆಗೆದಳು.

"ಆ ಸೋಮಾರಿ ಎಲ್ಲಿ ತೋಡ್ದ ಬುದ್ಧಿ, ಎಲೆಅಡಿಕೆ ಮೆಲ್ಕೊಂಡು ದಡದಲ್ಲಿ ಮನಗಿರೋನು. ತೋಡಿದೋಳು ನಾನು, ಮಂಚಮ್ಮನ ಬಾವಿ ಅಂತ ಬರ್ಕಳಿ."